ನೀರಿಗೆ ಹೋದವಳು

ಅಮ್ಮ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಳೆಂದರೆ ಪುಟ್ಟಿಯ ಪಾಲಿಗೆ ಮನೆಯ ಬಾಗಿಲು ಹಾಕಿದಂತೆ.

ಅಮ್ಮ ಹೊಲಿಗೆಯವಳು. ಕತ್ತರಿಸಿದ ಬಟ್ಟೆಯ ಅಂಚು ಮಡಿಸಿ ಒಂದೊಂದೇ ಪಿನ್ನು ಚುಚ್ಚುತ್ತ ಹೋಗುವಾಗ ಉಳಿದವು ಬಾಯಲ್ಲಿರುತ್ತವೆ. ಆಗಲೂ ಅವಳು ಮಾತು ನಿಲ್ಲಿಸುವವಳಲ್ಲ. ಹಲ್ಲು ಬಿಗಿಹಿಡಿದು ಗಂಟಲಿನಿಂದಲೇ ಅಣ್ಣನನ್ನು ಬೈಯುತ್ತಾಳೆ, ಹಾಲಿನವನಿಗೆ ಉತ್ತರ ಕೊಡುತ್ತಾಳೆ. ಕಿವಿ ಇದ್ದವರಿಗೆ ಅಷ್ಟು ಸಾಕು. ಪುಟ್ಟಿಗೆ ಬೇಕಾದದ್ದು ತುಟಿ. ನಾಲ್ಕು ತುಂಬುವ ಮೊದಲು ಬಂದ ಮಿದುಳುಜ್ವರ ಅವಳ ಜೀವ ಬಿಟ್ಟುಕೊಟ್ಟು ಕಿವಿಗಳನ್ನು ಇಟ್ಟುಕೊಂಡಿತ್ತು.

ಪುಟ್ಟಿ ಎಂಬ ಹೆಸರು ಕೇಳಿ ಯಾರೂ ಮಗು ಎಂದುಕೊಳ್ಳಬಾರದು. ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಓದುತ್ತಿದ್ದ ಹೆಣ್ಣು. ಆದರೆ ಕರೆಯುವವರು ಹಾಗೇ ಕರೆದರು, ಅವಳು ಬೆಳೆದದ್ದು ಯಾರ ಬಾಯಿಗೂ ತಿಳಿಯಲಿಲ್ಲ.

ಅಮ್ಮನೇ ಅವಳಿಗೆ ಮೊದಲ ಶಾಲೆ. ಮಗಳನ್ನು ಎದುರು ಕೂರಿಸಿಕೊಂಡು, ಆ ಸಣ್ಣ ಕೈಗಳನ್ನು ತನ್ನ ಮುಖದ ಮೇಲಿಟ್ಟುಕೊಂಡು ಅಕ್ಷರ ಕಲಿಸಿದಳು. ಬಾಯಿಯ ಮುಂದೆ ಹಿಡಿದ ಅಂಗೈಗೆ ಉಸಿರು ಬಂದು ಬಡಿದರೆ ಅದು ಪ. ಗಂಟಲ ಮೇಲಿಟ್ಟ ಬೆರಳು ನಡುಗಿದರೆ ಬ. ಮೂಗಿನ ಮೇಲೆ ಜೇನುಹುಳ ಕೂತು ರೆಕ್ಕೆ ಅದುರಿಸಿದಂತಾದರೆ ಮ. ಕಣ್ಣಿಗೆ ಮಾತ್ರ ಮೂರೂ ಒಂದೇ. ತುಟಿ ಮುಚ್ಚಿತು, ತುಟಿ ತೆರೆಯಿತು, ಅಷ್ಟೆ. ಹಾಗೆಯೇ ತ, ದ, ನ. ಮೂರಕ್ಕೂ ನಾಲಗೆಯ ತುದಿ ಹೋಗಿ ಹಲ್ಲಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ನ ಎಂಬುದು ಮೂಗಿಗೆ ಮಾತ್ರ ಗೊತ್ತಿರುವ ಗುಟ್ಟು.

ಅಣ್ಣನಿಗೆ ಈ ಪಾಠದಲ್ಲಿ ಬೇರೆಯೇ ಲಾಭ ಕಂಡಿತು. ಅವನು ತಂಗಿಯನ್ನು ಪುಟ್ಟಿ ಎನ್ನುವ ಬದಲು "ಬುಟ್ಟಿ" ಎಂದು ಕರೆಯತೊಡಗಿದ. ಅವಳ ಕಣ್ಣಿಗೆ ವ್ಯತ್ಯಾಸವೇ ಇಲ್ಲ, ಖುಷಿಯಿಂದ ಓಡಿಬರುತ್ತಿದ್ದಳು. ಮನೆಯವರು ನಕ್ಕರೆ ತಾನೂ ನಗುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಒಂದು ದಿನ ಏನೋ ಅನುಮಾನ ಬಂದು, ಅವನು ಕರೆಯುವಾಗಲೇ ಗಂಟಲಿಗೆ ಕೈಯಿಟ್ಟು ಪರೀಕ್ಷೆ ಮಾಡಿದಳು. ಬೆರಳು ನಡುಗಿತು. ಬಟ್ಟೆ ಚೂರುಗಳು ತುಂಬಿದ್ದ ಬುಟ್ಟಿಯನ್ನೇ ಎತ್ತಿ ಅವನ ತಲೆಗೆ ಕವುಚಿದಳು.

ಅದು ನಗುವ ಮಾತು. ನಗಲಾಗದ ಮಾತು ಬೇರೆಯೇ ಇತ್ತು. ಊಟಕ್ಕೆ ಕೂತಾಗ ಎಲ್ಲರೂ ಏನೋ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಪುಟ್ಟಿ "ಏನು? ಏನು?" ಎನ್ನುತ್ತಿದ್ದಳು. "ಏನಿಲ್ಲ ಬಿಡು," ಎನ್ನುತ್ತಿದ್ದರು. ಇಲ್ಲವೇ "ಆಮೇಲೆ ಹೇಳ್ತೀನಿ." ಆ ಆಮೇಲೆ ಬರುತ್ತಲೇ ಇರಲಿಲ್ಲ. ಅವಳು ಕಲಿತ ಕನ್ನಡದಲ್ಲಿ ಎಂದೂ ತಪ್ಪಾಗಿ ಓದದ ಮಾತುಗಳೆಂದರೆ ಇವೆರಡು.

ಅಮ್ಮ ಇನ್ನೂ ಒಂದು ಪಾಠ ಕಲಿಸಿದ್ದಳು. "ಯಾರಿಗೂ ಹೇಳ್ಬೇಡ. ಹೇಳಿದ್ರೆ ಪಾಪ ಅಂತಾರೆ, ಪಾಪ ಅಂದ್ಮೇಲೆ ಮೂಲೆಗೆ ಕೂರಿಸ್ತಾರೆ. ನಗ್ತಾ ಇರು, ತಲೆ ಆಡಿಸ್ತಾ ಇರು. ಗೊತ್ತೇ ಆಗಲ್ಲ ಯಾರಿಗೂ." ಕಿವಿಯ ಹಿಂದೆ ಸಿಕ್ಕಿಸುವ ಯಂತ್ರದಿಂದ ಅವಳಿಗೆ ದೂರದ ಲಾರಿ ಹೋದಂಥ ಒಂದು ಗುಡುಗುಡು ಮಾತ್ರ ತಲುಪುತ್ತಿತ್ತು. ಅದೂ ಕಾಣದಂತೆ ಅಮ್ಮ ದಿನಾ ಬೆಳಿಗ್ಗೆ ಕೂದಲು ಇಳಿಬಿಟ್ಟು ಬಾಚುತ್ತಿದ್ದಳು. ಪುಟ್ಟಿಯ ಮಾತು ತುಸು ದಪ್ಪ, ಏರಿಳಿತವಿಲ್ಲದ್ದು. ಅಂಗಡಿಯವರು "ಯಾವ ಊರು ನಿಮ್ದು?" ಎಂದು ಕೇಳುತ್ತಿದ್ದರು. "ದೂರದ್ದು," ಎನ್ನುತ್ತಿದ್ದಳು. ಸುಳ್ಳೂ ಅಲ್ಲ. ಹುಟ್ಟಿದ ಬೀದಿಯಲ್ಲೇ ಅವಳು ಪರವೂರಿನವಳು.

ಒಮ್ಮೆ ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಕೈಸನ್ನೆಯ ಭಾಷೆಯಲ್ಲಿ ಹರಟುತ್ತ ನಿಂತದ್ದನ್ನು ಕಂಡಳು. ಬೆರಳುಗಳು ಹಾರಾಡುತ್ತಿದ್ದವು, ಒಬ್ಬಳು ನಕ್ಕು ನಕ್ಕು ಕಂಬಕ್ಕೆ ಒರಗಿದ್ದಳು. ಪುಟ್ಟಿಗೆ ಒಂದು ಸನ್ನೆಯೂ ತಿಳಿಯಲಿಲ್ಲ, ಅಮ್ಮ ಅದನ್ನು ಕಲಿಯಲು ಬಿಟ್ಟಿರಲಿಲ್ಲ. ಕೇಳುವವರ ಕೋಣೆಯಲ್ಲೂ ಇಲ್ಲ, ಕೇಳದವರ ಕೋಣೆಯಲ್ಲೂ ಇಲ್ಲ. ಎರಡರ ನಡುವಿನ ಗೋಡೆಯೊಳಗೆ ತನ್ನನ್ನು ಕಟ್ಟಿಬಿಟ್ಟಿದ್ದಾರೆ ಎನ್ನಿಸಿ ಅವಳು ಬಂದ ಬಸ್ಸು ಬಿಟ್ಟು ನಿಂತುಬಿಟ್ಟಳು.

ಇಂಥವಳು ಸಾರ್ವಜನಿಕ ಆರೋಗ್ಯ ಓದಲು ಹೊರಟದ್ದಕ್ಕೆ ಕಾರಣ ಒಂದು ನಕ್ಷೆ. ವಿಶ್ವವಿದ್ಯಾಲಯದ ಆ ವಿಭಾಗದ ಮೊಗಸಾಲೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಊರಿನ ಹಳೆಯ ನಕ್ಷೆಯೊಂದು ತೂಗುತ್ತದೆ. ಬಹಳ ಹಿಂದೆ ಮಿದುಳುಜ್ವರ ಹಬ್ಬಿದ ವರ್ಷ ವಿಭಾಗದವರು ಮನೆಮನೆಗೆ ಹೋಗಿ ಕೇಳಿ, ಜ್ವರ ಬಂದ ಮಗುವಿಗೊಂದರಂತೆ ಕೆಂಪು ಚುಕ್ಕೆ ಇಟ್ಟಿದ್ದರು. ಚುಕ್ಕೆಗಳು ಒತ್ತೊತ್ತಾಗಿದ್ದ ಬೀದಿಗಳಿಗೆ ಆಮೇಲೆ ಮೊದಲು ಲಸಿಕೆ ಹೋಯಿತು. ಪದವಿ ಓದುವಾಗ ಒಮ್ಮೆ ಬೇರೇನೋ ಕೆಲಸಕ್ಕೆ ಅಲ್ಲಿಗೆ ಬಂದ ದಿನ ಪುಟ್ಟಿ ಅದರಲ್ಲಿ ತನ್ನ ಬೀದಿ ಹುಡುಕಿದಳು. ಅಲ್ಲೊಂದು ಚುಕ್ಕೆ ಇತ್ತು. ಇದು ನಾನು, ಎಂದುಕೊಂಡಳು. ಯಾರೋ ಬಂದು ಬಾಗಿಲು ತಟ್ಟಿದ್ದಾರೆ, ಕೇಳಿದ್ದಾರೆ, ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಹಾಗೆ ಬಾಗಿಲು ತಟ್ಟಿ ಕೇಳುವವಳು ತಾನಾಗಬೇಕು.

ಸೀಟು ಸಿಕ್ಕಿತು. ಬಾಗಿಲು ತೆರೆಯಿತೆಂದು ಒಳಗೆ ಹೋದರೆ ಅದರೊಳಗೆ ಇನ್ನೊಂದು ಬಾಗಿಲು.

ಸಾಂಕ್ರಾಮಿಕ ರೋಗಗಳ ಪಾಠ ಮಾಡುವವರಿಗೆ ಪೊದೆಮೀಸೆ. ವಿದ್ಯಾರ್ಥಿಗಳು ಅವರನ್ನು ಮೀಸೆ ಮೇಷ್ಟ್ರು ಎನ್ನುತ್ತಿದ್ದರು. ಮೇಲಿನ ತುಟಿ ಹುಟ್ಟಿದಾಗಿನಿಂದ ಯಾರಿಗೂ ಕಂಡಿರಲಾರದು. ಅವರು ಹಲಗೆಯ ಕಡೆ ತಿರುಗಿಕೊಂಡೇ ಅರ್ಧ ಪಾಠ ಮುಗಿಸುತ್ತಿದ್ದರು. ಉಳಿದ ಅರ್ಧಕ್ಕೆ ಕಿಟಕಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮಧ್ಯಾಹ್ನದ ಬೆಳಕು ಹಿಂದಿನಿಂದ ಬಿದ್ದು ಮುಖ ಕಪ್ಪು ತಟ್ಟೆಯಾಗುತ್ತಿತ್ತು. ಪುಟ್ಟಿ ಮೊದಲ ಸಾಲಿನಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು, ತಲೆ ಆಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಕಣ್ಣುಗುಡ್ಡೆಗಳ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಗುತ್ತಿತ್ತು. ಮನೆಗೆ ಹೋಗಿ ಪುಸ್ತಕದಿಂದ ಎಲ್ಲವನ್ನೂ ಮೊದಲಿನಿಂದ ಓದಿಕೊಳ್ಳುತ್ತಿದ್ದಳು.

ವಿಭಾಗದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಒಳ್ಳೆಯವರು. ಪ್ರವೇಶದ ಕಾಗದಗಳಿಂದ ಪುಟ್ಟಿಯ ಕಿವಿಯ ವಿಷಯ ಅವರಿಗೆ ತಿಳಿದಿತ್ತು. ಅವರ ಒಳ್ಳೆಯತನಕ್ಕೆ ವಿನಾಯಿತಿ ಎಂದು ಹೆಸರು. ಗುಂಪುಚರ್ಚೆಯಿಂದ ಪುಟ್ಟಿಗೆ ವಿನಾಯಿತಿ. ತರಗತಿಯ ಮುಂದೆ ನಿಂತು ವಿಷಯ ಮಂಡಿಸುವುದರಿಂದ ವಿನಾಯಿತಿ. ಶಾಲೆಯಲ್ಲೂ ಹೀಗೇ ಹಾಡಿನಿಂದ, ನಾಟಕದಿಂದ, ಎರಡನೆಯ ಭಾಷೆಯಿಂದ ವಿನಾಯಿತಿ ಸಿಕ್ಕಿತ್ತು. ಒಂದೊಂದು ಸಲ ಸಿಕ್ಕಾಗಲೂ ಒಂದೊಂದು ಕಿಟಕಿ ಮೆತ್ತಗೆ ಮುಚ್ಚುತ್ತಿತ್ತು. ಮೆತ್ತಗೆ ಮುಚ್ಚಿದ್ದರಿಂದ ಜಗಳಕ್ಕೂ ಅವಕಾಶವಿರಲಿಲ್ಲ.

ಆದರೆ ಕೊನೆಯ ವರ್ಷದ ಕ್ಷೇತ್ರಕಾರ್ಯ ಅವಳದ್ದೇ ಆಗಿತ್ತು. ಇಬ್ಬಿಬ್ಬರಿಗೆ ಒಂದೊಂದು ಗಲ್ಲಿ. ಮನೆಮನೆಗೆ ಹೋಗಿ ನೀರು ಎಲ್ಲಿಂದ, ಮಕ್ಕಳೆಷ್ಟು, ವಾಂತಿಭೇದಿ ಆಗಿತ್ತಾ ಎಂದು ಕೇಳಬೇಕು. ಅವಳ ಜೊತೆಗಾತಿಯ ಅಡ್ಡಹೆಸರು ಪಟಪಟಿ. ಪುಟ್ಟಿ ಒಂದು ಮಾತು ಓದಿ ಮುಗಿಸುವಷ್ಟರಲ್ಲಿ ಅವಳ ತುಟಿ ಮೂರನೆಯ ಮಾತಿನಲ್ಲಿರುತ್ತಿತ್ತು. "ನಿಧಾನ ಹೇಳೇ," ಎಂದರೆ ಎರಡು ಪದ ನಿಧಾನ ಆಡಿ ಮತ್ತೆ ಓಟ ಕೀಳುತ್ತಿದ್ದಳು. ಗಲ್ಲಿಯ ಆ ಬದಿ ಪಟಪಟಿಗೆ, ಈ ಬದಿ ಪುಟ್ಟಿಗೆ ಎಂದು ಹಂಚಿಕೊಂಡರು. ಗಲ್ಲಿಯ ಕೊನೆಗೆ ಒಂದೇ ನಲ್ಲಿ. ನೀರು ಬಿಟ್ಟ ಹೊತ್ತಿನಲ್ಲಿ ಮಕ್ಕಳು ಕೊಡ ಹಿಡಿದು ಓಡುತ್ತಿದ್ದವು.

ಒಂದು ಬೆಳಿಗ್ಗೆ ಪುಟ್ಟಿ ಇಸ್ತ್ರಿಯವಳ ಮನೆ ಬಾಗಿಲಿಗೆ ಬಂದಳು. ಹೊಸ್ತಿಲ ಹೊರಗೇ ಮೇಜು, ಮೇಲೆ ಹಾಸಿದ ಹಳೆಯ ಕಂಬಳಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ಇಸ್ತ್ರಿಯವಳು ಬಿಳಿ ಅಂಗಿಯ ಮೇಲೆ ನೀರು ಚಿಮುಕಿಸಿ ಉಜ್ಜುತ್ತಿದ್ದಳು.

"ಮಕ್ಕಳೆಷ್ಟು ಅಕ್ಕಾ?"

"ಇಬ್ರು. ಒಂದು ಗಂಡು, ಒಂದು ಹೆಣ್ಣು."

"ಎಲ್ಲಿದಾರೆ?"

"ದೊಡ್ಡವನು ಶಾಲೆಗೆ ಹೋಗಿದಾನೆ."

"ಚಿಕ್ಕವಳು?"

ಇಸ್ತ್ರಿಯವಳು ಅಂಗಿಯ ತೋಳು ತಿರುಗಿಸಿಕೊಳ್ಳಲು ಬಾಗಿದ್ದಳು. ಅರ್ಧ ಮುಖ ಕಂಡಿತು. ನಾಲಗೆ ಹಲ್ಲಿನ ಹಿಂದೆ ಹೋದದ್ದು ಕಂಡಿತು, ತುಟಿ ಅಗಲವಾದದ್ದು, ಮತ್ತೆ ದುಂಡಾದದ್ದು. ನೀರಿಗೋದ್ಲು.

ಪುಟ್ಟಿ ನಕ್ಕಳು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ನಗು. "ಬರ್ಲಿ ಬಿಡಿ ಅಕ್ಕಾ, ನನಗೇನೂ ಅವಸರ ಇಲ್ಲ. ಅವಳನ್ನೂ ನೋಡ್ಕೊಂಡೇ ಹೋಗ್ತೀನಿ."

ಇಸ್ತ್ರಿಪೆಟ್ಟಿಗೆ ನಿಂತಿತು. ಇಸ್ತ್ರಿಯವಳು ತಲೆಯೆತ್ತಿ ಅವಳನ್ನೇ ನೋಡಿದಳು. ಬಟ್ಟೆ ಕರಟುವ ವಾಸನೆ ಪುಟ್ಟಿಯ ಮೂಗಿಗೆ ಬಂತು. "ಅಕ್ಕಾ, ಅಂಗಿ ಸುಡ್ತಿದೆ!" ಎಂದಳು. ಪೆಟ್ಟಿಗೆ ಎತ್ತಿದಾಗ ಬಿಳಿ ಬೆನ್ನಿನ ಮೇಲೆ ದೋಣಿಯಾಕಾರದ ಕಂದು ಕಲೆ.

"ಯಾವ ಊರು ನಿಮ್ದು?" ಇಸ್ತ್ರಿಯವಳು ಕೇಳಿದಳು.

"ದೂರದ್ದು."

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಂಗಿ ಸುಟ್ಟ ಬೇಸರವೆಂದು ಪುಟ್ಟಿ ಮೆಟ್ಟಿಲ ಮೇಲೆ ಕೂತು ಕಾದಳು. ನಲ್ಲಿಯ ಕಡೆಯಿಂದ ಹುಡುಗಿಯರು ಕೊಡ ಹೊತ್ತು ಬರುತ್ತಿದ್ದಂತೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದಳು: "ಇಸ್ತ್ರಿಯಕ್ಕನ ಮಗಳು ನೀನೇನಾ?" ಒಬ್ಬಳು ಕೊಡ ಅಲ್ಲೇ ಇಟ್ಟು ಓಡಿಹೋದಳು. ಎದುರುಮನೆಯ ಮುದುಕಿ ಹೊರಬಂದು ಏನೇನೋ ಕೂಗಿದಳು. ಹಲ್ಲಿಲ್ಲದ ಬಾಯಿ, ಒಂದಕ್ಷರವೂ ಸಿಗಲಿಲ್ಲ. ಪುಟ್ಟಿ ಅವಳಿಗೂ ನಕ್ಕು ತಲೆ ಆಡಿಸಿದಳು.

ಪಟಪಟಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

"ಏನಾಯ್ತೇ?"

"ಏನಿಲ್ಲ ಬಿಡು, ಬಾ. ಆಮೇಲೆ ಹೇಳ್ತೀನಿ."

ಬಸ್ಸಿನಲ್ಲಿ ಪಟಪಟಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಮರುದಿನ ತರಗತಿಯಲ್ಲಿ ಹೊಸ ಆಟವೊಂದು ಶುರುವಾಗಿತ್ತು. ಯಾರಾದರೂ ಬಂದಿಲ್ಲವೆಂದರೆ ಇನ್ನೊಬ್ಬರು ಅದೇ ಮಾತು ಆಡುವುದು, ಅಂಗೈ ಅಡ್ಡ ಹಿಡಿದು ನಗುವುದು. ಪುಟ್ಟಿ ತುಟಿಗಳನ್ನು ಓದಿದಳು: ನೀರಿಗೋದ್ಲು, ನೀರಿಗೋದ. ಇದರಲ್ಲಿ ನಗುವುದೇನಿದೆ? ತಿಳಿಯದೆ ತಾನೂ ನಕ್ಕಳು. ಕೊನೆಗೆ ಪಟಪಟಿಯನ್ನು ಕೈ ತೊಳೆಯುವ ಕೋಣೆಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಹೇಳ್ದೆ ಬಿಡಲ್ಲ."

ಪಟಪಟಿಯ ತುಟಿಗಳಿಗೆ ಮೊದಲ ಬಾರಿ ಓಡುವುದು ಮರೆತುಹೋಗಿತ್ತು. ಅವಳು ನಲ್ಲಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು ಕನ್ನಡಿಯ ಮೇಲೆ ಬರೆದಳು: ನೀರಿಗೆ ಹೋದ್ಲು. ಅದರ ಕೆಳಗೆ ಇನ್ನೊಂದು ಸಾಲು: ತೀರಿ ಹೋದ್ಲು.

ಮೊದಲಿನ ಸಾಲಿನ ನೀರು ಇಳಿದು ಎರಡನೆಯದನ್ನು ಕಲಸಿತು. ಗ ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಉಳಿಯುವ ಅಕ್ಷರ, ತುಟಿಗೆ ಅದರ ಸುದ್ದಿಯಿಲ್ಲ. ಉಳಿದದ್ದು ಮೂಗಿನ ಒಂದು ನಡುಕ. ಅಷ್ಟೇ ವ್ಯತ್ಯಾಸದಲ್ಲಿ ಒಂದು ಮಗು ಇತ್ತು, ಇರಲಿಲ್ಲ.

"ಅವಳು ಬರ್ಲಿ ಅಂತ ಕಾಯ್ತೀನಿ ಅಂದೆ," ಎಂದಳು ಪುಟ್ಟಿ. "ಮೆಟ್ಟಿಲ ಮೇಲೇ ಕೂತಿದ್ದೆ."

"ನಿನಗೆ ಗೊತ್ತಿರ್ಲಿಲ್ಲ ಕಣೇ."

"ಅವಳಿಗೂ ಗೊತ್ತಿರ್ಲಿಲ್ಲ, ನನಗೆ ಕೇಳಲ್ಲ ಅಂತ."

ಗಲ್ಲಿಯವರು ಆರೋಗ್ಯ ಕೇಂದ್ರಕ್ಕೆ ಹೋಗಿ ದೂರು ಕೊಟ್ಟರು. ದೊಡ್ಡ ಮೇಡಂ ಅಮ್ಮನನ್ನು ಕರೆಸಿದರು. ಮೂವರೂ ಕೂತರೂ ಮಾತು ನಡೆದದ್ದು ಇಬ್ಬರ ನಡುವೆ. ಪುಟ್ಟಿ ಒಮ್ಮೆ ಈ ತುಟಿ, ಒಮ್ಮೆ ಆ ತುಟಿ ನೋಡುತ್ತ ಕುತ್ತಿಗೆ ನೋಯಿಸಿಕೊಂಡಳು.

"ಚಿನ್ನದಂಥ ಹುಡುಗಿ ನಿಮ್ಮವಳು. ಆದ್ರೆ ಇನ್ನು ಒಬ್ಬಳನ್ನೇ ಕಳಿಸೋಕಾಗಲ್ಲ. ಕೇಳೋರೊಬ್ರು ಜೊತೆಗಿರ್ಬೇಕು. ಇಲ್ಲಾಂದ್ರೆ ಕ್ಷೇತ್ರಕಾರ್ಯದಿಂದ ವಿನಾಯಿತಿ ಬರ್ಕೊಡ್ತೀನಿ, ಒಳಕೋಣೆಯಲ್ಲಿ ಕೂತು ಬೇರೆಯವರು ತಂದ ಉತ್ತರಗಳನ್ನ ಕಂಪ್ಯೂಟರಿಗೆ ಹಾಕ್ಲಿ. ಪದವಿಗೇನೂ ತೊಂದರೆ ಇಲ್ಲ."

"ನಾನೇ ಹೋಗ್ತೀನಿ ಮೇಡಂ," ಅಮ್ಮನ ಮುಖ ಅರಳಿತು. "ಅವಳ ಕಿವಿ ನಾನೇ ಅಲ್ವಾ?" ಆಮೇಲೆ ಪುಟ್ಟಿಯ ಕಡೆ ತಿರುಗಿ, "ಏನಿಲ್ಲ ಬಿಡು, ಒಳ್ಳೇದೇ ಹೇಳ್ತಿದಾರೆ."

ಹೀಗೆ ಅಮ್ಮ ಗಲ್ಲಿಗೆ ಬಂದಳು. ಚೀಲದಲ್ಲಿ ಗುಂಡಿ ಹೊಲಿಯಬೇಕಾದ ಬಟ್ಟೆ, ಕಂಕುಳಲ್ಲಿ ಛತ್ರಿ. ಪುಟ್ಟಿ ಪ್ರಶ್ನೆ ಹೇಳುವುದು, ಅಮ್ಮ ಅದನ್ನು ಮನೆಯವರ ಬಳಿ ಕೇಳುವುದು, ಬಂದ ಉತ್ತರವನ್ನು ಪುಟ್ಟಿಗೆ ತುಟಿಯಲ್ಲಿ ಕೊಡುವುದು. ಉತ್ತರಗಳು ಸಲೀಸಾಗಿ ಬರತೊಡಗಿದವು. ಯಾರ ಮನೆಯಲ್ಲೂ ಏನೂ ಇಲ್ಲ. ಭೇದಿಯಿಲ್ಲ, ಜ್ವರವಿಲ್ಲ, ಸಾವಿಲ್ಲ.

ಒಂದು ಮನೆಯಲ್ಲಿ ಬಾಣಂತಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. "ಈ ಮನೇಲಿ ಮಗು ಏನಾದ್ರೂ ತೀರಿಕೊಂಡಿದೆಯಾ ಕೇಳಮ್ಮ," ಎಂದು ಪುಟ್ಟಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಅಮ್ಮ ಬಾಣಂತಿಯ ಕಡೆ ತಿರುಗಿ ಕೇಳಿದಳು. ಪಕ್ಕದಿಂದ ಪುಟ್ಟಿ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಜಗತ್ತಿನಲ್ಲಿ ಅವಳು ತಪ್ಪಿಲ್ಲದೆ ಓದಬಲ್ಲ ತುಟಿಗಳೆಂದರೆ ಅವು, ಪಕ್ಕದಿಂದಲೂ, ಕತ್ತಲಲ್ಲೂ.

"ಮಕ್ಕಳೆಲ್ಲ ಆರೋಗ್ಯವಾಗಿದಾವೇನಮ್ಮಾ?" ಎಂದಿದ್ದಳು ಅಮ್ಮ.

ಬಾಣಂತಿಯ ಮುಖ ಸಣ್ಣಗಾಯಿತು. ಏನೋ ಉದ್ದವಾಗಿ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಮ್ಮ ಪುಟ್ಟಿಗೆ ಹೇಳಿದಳು: "ಏನಿಲ್ಲವಂತೆ."

ಪುಟ್ಟಿ ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಗಲ್ಲಿಯಿಂದ ಹೊರಗೆ ನಡೆದಳು.

ಮನೆಗೆ ಬಂದವಳೇ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಪಿನ್ನುಗಳನ್ನು ಬಾಯಿಗಿಟ್ಟುಕೊಂಡಳು. ಪುಟ್ಟಿ ಎದುರು ಕೂತು ಅಂಗೈ ಚಾಚಿದಳು. ಉಗುಳು ಎಂಬಂತೆ. ಅಮ್ಮ ಒಂದೊಂದೇ ಪಿನ್ನು ತೆಗೆದು ಆ ಅಂಗೈಗೆ ಹಾಕಿದಳು.

"ನಾನು ಕೇಳಿದ್ದೇ ಒಂದು, ನೀನು ಕೇಳಿದ್ದೇ ಒಂದು."

"ಬಾಣಂತಿ ಮುಂದೆ ಸಾವಿನ ಮಾತಾಡೋಕೆ ಬಾಯಿ ಬರುತ್ತೇನೇ? ಕಲ್ಲಾ ನಾನು?"

"ಅವಳು ಅಳ್ತಿದ್ಲಲ್ಲಾ. ಏನಂದ್ಲು?"

ಅಮ್ಮ ಬಟ್ಟೆ ಮಡಿಸಿದಳು, ಬಿಚ್ಚಿದಳು. "ನಿನಗೇನೂ ಗೊತ್ತಿಲ್ಲ ಪುಟ್ಟಿ. ನಿನ್ನ ಜ್ವರ ಬಿಟ್ಟ ಮೇಲೆ ನಮ್ಮನೆಗೂ ಹೀಗೇ ಬಂದಿದ್ರು. ಕೈಯಲ್ಲಿ ಹಲಗೆ, ಪೆನ್ನು. ಮಗುಗೆ ಜ್ವರ ಬಂದಿತ್ತಾ, ಆಮೇಲೆ ಏನಾದ್ರೂ ಆಯ್ತಾ ಅಂತ. ನೀನು ಒಳಗೆ ಆಡ್ತಿದ್ದೆ. ನಾನು ಬಾಗಿಲಿಗೆ ಅಡ್ಡ ನಿಂತು ಹೇಳ್ದೆ, ಏನಿಲ್ಲ, ಎಲ್ಲ ಚೆನ್ನಾಗಿದೆ."

"ಯಾಕೆ?"

"ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು."

ಪುಟ್ಟಿ ಅಂಗೈಯಲ್ಲಿದ್ದ ಪಿನ್ನುಗಳನ್ನು ನೋಡಿದಳು. "ಹಾಗಾದ್ರೆ ನಕ್ಷೆಯಲ್ಲಿರೋ ನಮ್ಮ ಬೀದಿ ಚುಕ್ಕೆ?"

"ಯಾವ ಚುಕ್ಕೆ?"

ಅಮ್ಮ ಆ ನಕ್ಷೆಯನ್ನು ನೋಡಿಯೇ ಇರಲಿಲ್ಲ. ಮೊದಲ ತಿಂಗಳು ಮಗಳನ್ನು ಬಿಟ್ಟುಬರಲಾಗದೆ ಅದರ ಕೆಳಗಿನ ಬೆಂಚಿನ ಮೇಲೇ ದಿನಾ ಕೂತು ಗುಂಡಿ ಹೊಲಿದವಳು ತಲೆಯೆತ್ತಿ ನೋಡಿರಲಿಲ್ಲ. ಪುಟ್ಟಿ ವಿವರಿಸಿದಳು. "ಮೂಲೆ ಮನೆಯವರ ಮಗು ಇರ್ಬೇಕು," ಎಂದಳು ಅಮ್ಮ. "ನಿನ್ನ ಪಕ್ಕದ ಹಾಸಿಗೇಲಿತ್ತು. ಅದು ಉಳೀಲಿಲ್ಲ."

ಮರುದಿನ ಪುಟ್ಟಿ ನಕ್ಷೆಯ ಮುಂದೆ ನಿಂತಳು. ಎರಡು ವರ್ಷ ದಿನಾ ಆ ಗಾಜಿನ ಮೇಲೆ ಬೆರಳಿಟ್ಟು ಒಳಗೆ ಹೋಗುತ್ತಿದ್ದಳು. ಅಲ್ಲಿ ಎಣ್ಣೆಬೆರಳಿನ ಮಂಕು ಗುರುತೇ ಆಗಿತ್ತು. ಬೇರೆಯವರ ಮಗುವನ್ನು ಮುಟ್ಟಿ ಬಂದಿದ್ದಳು. ತಾನು ಅಲ್ಲಿ ಎಲ್ಲೂ ಇರಲಿಲ್ಲ. ಜ್ವರದಿಂದಲೂ ಅವಳಿಗೆ ವಿನಾಯಿತಿ ಸಿಕ್ಕಿತ್ತು.

ಆ ದಿನ ಅವಳು ಯಾರಿಗೂ ಹೇಳದೆ ಗಲ್ಲಿಗೆ ಹೋದಳು. ಬಸ್ಸು ಇಳಿದು ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಳು. ಯಂತ್ರಕ್ಕೆ ಬಿಸಿಲು ತಾಗಿತು. ರಸ್ತೆಯಲ್ಲಿ ಬಟ್ಟೆಯಿಲ್ಲದೆ ನಡೆಯುತ್ತಿರುವಂತೆ ಅನ್ನಿಸಿತು; ಒಂದು ಸಲ ಕೂದಲು ಮತ್ತೆ ಮುಂದಕ್ಕೆ ತಂದಳು, ಮತ್ತೆ ಹಿಂದಕ್ಕೆ ಹಾಕಿದಳು.

ಇಸ್ತ್ರಿಯವಳು ಅವಳನ್ನು ಕಂಡವಳೇ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಅಕ್ಕಾ, ನನಗೆ ಕಿವಿ ಕೇಳಲ್ಲ," ಎಂದಳು ಪುಟ್ಟಿ. ಪರಿಚಯವಿಲ್ಲದವರಿಗೆ ಈ ಮಾತು ಹೇಳಿದ್ದು ಇದೇ ಮೊದಲು. "ಬಾಯಿ ನೋಡಿ ಮಾತು ತಿಳ್ಕೊಳ್ತೀನಿ. ಅವತ್ತು ನೀವು ಹೇಳಿದ್ದು ನನಗೆ ನೀರಿಗೆ ಹೋದ್ಲು ಅಂತ ಕಾಣಿಸ್ತು."

ಇಸ್ತ್ರಿಯವಳು ಅವಳ ಕಿವಿ ನೋಡಿದಳು, ಮುಖ ನೋಡಿದಳು. ಆಮೇಲೆ ಮೇಜು ಬಳಸಿಕೊಂಡು ಈಚೆ ಬಂದು, ಬೆಳಕಿಗೆ ಮುಖ ಕೊಟ್ಟು, ಮೆಟ್ಟಿಲ ಮೇಲೆ ಕೂತಳು. ಪಕ್ಕದ ಜಾಗ ಕೈಯಿಂದ ಒರೆಸಿದಳು.

"ನಾನು ನಿಮ್ಮನ್ನ ಎಂಥ ಪಾಪಿ ಅಂತ ಬೈಕೊಂಡೆ. ಒಳಗೆ ಹೋಗಿ ಅಳೋಣ ಅಂತ ಕೂತೆ. ನೀವು ಇಲ್ಲಿ ಕೂತಿದ್ದು ಕಿಟಕಿಯಿಂದ ಕಾಣ್ತಿತ್ತು. ಬರೋ ಹುಡುಗೀರನ್ನೆಲ್ಲ ಕೇಳ್ತಿದ್ರಿ." ಅವಳು ನಿಧಾನವಾಗಿ ಹೇಳುತ್ತಿದ್ದಳು. "ಯಾರೋ ಒಬ್ರು ಅವಳಿಗೋಸ್ಕರ ಕಾಯ್ತಿದಾರಲ್ಲ ಅನ್ನಿಸ್ತು. ನಾನೂ ಸ್ವಲ್ಪ ಹೊತ್ತು ಕಾದೆ. ಹುಚ್ಚು."

ಪುಟ್ಟಿಗೆ ಎಲ್ಲ ಮಾತೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸರಿಯೇ ಎಂಬುದೂ ಗೊತ್ತಿರಲಿಲ್ಲ. ಮತ್ತೆ ತಪ್ಪಬಾರದೆಂದು ತನ್ನ ಮೂಗಿನ ಮೇಲೆ ಬೆರಳಿಟ್ಟು, ನ ಎಂದರೆ ಇಲ್ಲಿ ನಡುಗುತ್ತದೆ, ತ ಎಂದರೆ ಇಲ್ಲ ಎಂದು ಹೇಳಿಕೊಟ್ಟಳು. ಇಸ್ತ್ರಿಯವಳಿಗೆ ಮೊದಲು ನಗು ಬಂತು. ಆಮೇಲೆ ಅವಳೇ ಪುಟ್ಟಿಯ ಬೆರಳು ಹಿಡಿದು ತನ್ನ ಮೂಗಿನ ಮೇಲೆ ಇಟ್ಟುಕೊಂಡಳು. ಅವಳ ಕೈಯಲ್ಲಿ ಇದ್ದಿಲ ಬಿಸಿ ಇನ್ನೂ ಇತ್ತು.

"ತೀರಿ ಹೋದ್ಲು," ಎಂದಳು. ಬೆರಳಿಗೆ ಏನೂ ತಾಗಲಿಲ್ಲ. ಆಮೇಲೆ ತಾನಾಗಿಯೇ ಇನ್ನೊಂದನ್ನೂ ಹೇಳಿದಳು: "ನೀರಿಗೆ ಹೋದ್ಲು." ಜೇನುಹುಳ ರೆಕ್ಕೆ ಅದುರಿಸಿತು.

ಬೆರಳು ತೆಗೆಯದೆ ಪುಟ್ಟಿ ಉಳಿದ ಪ್ರಶ್ನೆಗಳನ್ನು ಕೇಳಿದಳು. ಯಾವ ಕಾಯಿಲೆ, ಎಷ್ಟು ದಿನ, ನೀರು ಕುದಿಸುತ್ತಿದ್ದರಾ, ಆಸ್ಪತ್ರೆಗೆ ಹೋದದ್ದು ಯಾವಾಗ. ಇಸ್ತ್ರಿಯವಳು ಒಂದನ್ನೂ ಬಿಡದೆ ಹೇಳಿದಳು. ಎದುರುಮನೆಯ ಮುದುಕಿ ಹೊರಬಂದು, ಒಬ್ಬರ ಮೂಗು ಇನ್ನೊಬ್ಬರು ಹಿಡಿದು ಕೂತದ್ದನ್ನು ನೋಡಿ, ಗದರಲು ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅಲ್ಲಿಂದ ಪುಟ್ಟಿ ನೇರ ದೊಡ್ಡ ಮೇಡಂ ಕೋಣೆಗೆ ಹೋದಳು. ಮೇಡಂ ಅವಳ ಬೆನ್ನ ಹಿಂದೆ ನೋಡಿದರು.

"ಅಮ್ಮ ಎಲ್ಲಿ?"

"ಬಂದಿಲ್ಲ ಮೇಡಂ. ಇನ್ನು ಬರೋದೂ ಇಲ್ಲ."

ಮೇಡಂ ಮೇಜಿನ ಮೇಲಿದ್ದ ವಿನಾಯಿತಿಯ ಹಾಳೆಯನ್ನು ಅವಳ ಕಡೆ ಸರಿಸಿದರು. ಸಹಿ ಹಾಕಲು ಜಾಗ ತೋರಿಸಿದರು. ಪುಟ್ಟಿ ಪೆನ್ನು ಮುಟ್ಟಲಿಲ್ಲ.

"ಇದು ಬೇಡ ಅಂದ್ರೆ ಈ ವರ್ಷ ಪಾಸಾಗಲ್ಲ ನೀನು."

"ಗೊತ್ತು ಮೇಡಂ."

"ಮತ್ತೇನು ಬೇಕು ನಿನಗೆ?"

"ಗಲ್ಲಿ ಬೇಕು. ಬಾಗಿಲಲ್ಲೇ ಹೇಳ್ತೀನಿ, ನನಗೆ ಕೇಳಲ್ಲ ಅಂತ. ಅನುಮಾನ ಬಂದ್ರೆ ಬರೆದು ತೋರಿಸ್ತೀನಿ. ಓದೋಕೆ ಬರದವರಾದ್ರೆ ಅವರ ಮೂಗಿನ ಮೇಲೆ ಬೆರಳಿಡ್ತೀನಿ."

ಮೇಡಂ ನಕ್ಕುಬಿಟ್ಟರು. "ಮೂಗು ಮುಟ್ಟಿದ್ರೆ ಜನ ಸುಮ್ನಿರ್ತಾರೇನೇ?"

"ಒಬ್ರು ಸುಮ್ನಿದ್ರು."

ನಗು ನಿಂತಿತು. ಮೇಡಂ ಕುರ್ಚಿಗೆ ಒರಗಿ, ಕಿಟಕಿಯ ಕಡೆ ಮುಖ ತಿರುಗಿಸಿ ಏನೋ ಹೇಳಿದರು. ಪುಟ್ಟಿ ಕಾದಳು. ತಾನು ತಿರುಗಿಕೊಂಡು ಮಾತಾಡಿದೆನೆಂದು ನೆನಪಾಗಿ ಮೇಡಂ ಮತ್ತೆ ಈ ಕಡೆ ತಿರುಗಿದರು, ಒಂದೇ ಪದ ಹೇಳಿದರು: "ನೋಡೋಣ."

ಅದನ್ನು ಓದಲು ಮೂಗು ಮುಟ್ಟಬೇಕಾಗಿರಲಿಲ್ಲ. ದೊಡ್ಡವರು ಹೌದೂ ಅನ್ನದೆ ಇಲ್ಲವೂ ಅನ್ನದೆ ಬಾಗಿಲು ಅರ್ಧ ಮುಂದೆ ಮಾಡಿ ನಿಲ್ಲುವ ಮಾತು ಅದು. ಅಲ್ಲಿಯ ತನಕ ಒಳಕೋಣೆ. ಹಿಂದೆ ಉಗ್ರಾಣವಾಗಿದ್ದ ಕೋಣೆ; ಇರುವ ಒಂದು ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತದೆ. ಪುಟ್ಟಿ ಸಂಜೆಯ ತನಕ ಅಲ್ಲಿ ಕೂತು ಬೇರೆಯವರು ಕೇಳಿ ತಂದ ಉತ್ತರಗಳನ್ನು ಒತ್ತಿದಳು. ಸಹಿಯಿಲ್ಲದ ಹಾಳೆ ಮೇಡಂ ಮೇಜಿನ ಮೇಲೇ ಉಳಿಯಿತು.

ಮನೆಯಲ್ಲಿ ಅಮ್ಮ ಹೊಲಿಯುತ್ತಿದ್ದಳು, ತುಟಿಗಳ ನಡುವೆ ಪಿನ್ನುಗಳ ಸಾಲು. ಮಗಳ ಕೂದಲು ಕಿವಿಯ ಹಿಂದಿರುವುದನ್ನು ನೋಡಿ ಅವಳ ಕೈ ನಿಂತಿತು. ಪಿನ್ನು ಕಚ್ಚಿಕೊಂಡೇ ಏನೋ ಕೇಳಿದಳು. ತುಟಿ ಅಲುಗಲಿಲ್ಲ, ಹುಬ್ಬು ಮಾತ್ರ ಮೇಲಕ್ಕೆ ಹೋಯಿತು. ಏನಂದ್ರು ಎಂದಿರಬೇಕು.

"ಏನಿಲ್ಲ ಬಿಡು," ಎಂದಳು ಪುಟ್ಟಿ.

ಅಮ್ಮ ಅವಳನ್ನೇ ನೋಡಿದಳು. ಆ ಮಾತು ಈ ಮನೆಯಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಅಮ್ಮ ಮೊದಲ ಪಿನ್ನು ತೆಗೆದು ಬಟ್ಟೆಗೆ ಚುಚ್ಚದೆ ಪಕ್ಕದಲ್ಲಿಟ್ಟಳು. ಆಮೇಲೆ ಎರಡನೆಯದು. ಬಾಯಿ ಖಾಲಿಯಾಗುವವರೆಗೂ ಪುಟ್ಟಿ ಬಾಗಿಲಲ್ಲೇ, ಒಳಗೂ ಬಾರದೆ ಹೊರಗೂ ಹೋಗದೆ, ನಿಂತಿದ್ದಳು.